ಬಿ.ಪಿ. ಬೀಳುವ ಮುಂಚೆ

ಶಿಡ್ಲಘಟ್ಟದ ನರ್ಸಿಂಗ್ ಹೋಮ್ ಒಂದರ ಹೆರಿಗೆ ಡಾಕ್ಟರು ಫೋನ್ ಮಾಡಿದಾಗ ನಾನು ಗೌರಿಬಿದನೂರಿನಲ್ಲಿ ಒಂದು ಹರ್ನಿಯಾ ಆಪರೇಷನ್ ಮುಗಿಸಿ, ನನ್ನ ಔಷಧಿಯ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದೆ.

"ಒಂದು ಎರಡನೇ ಸಿಸೇರಿಯನ್ ಇದೆ ಡಾಕ್ಟ್ರೇ. ಇನ್ನೂ ಟೈಮ್ ಇದೆ, ಅವಸರ ಇಲ್ಲ. ಆದ್ರೆ ಬೆನ್ನಿಗೆ ಇಂಜೆಕ್ಷನ್ ಅಂದ ತಕ್ಷಣ ಎದ್ದು ಹೋಗ್ತೀನಿ ಅಂತಾಳೆ. ನೀವೇ ಬಂದು ಒಂದು ಮಾತು ಆಡಿ."

ನಾನು ಅರಿವಳಿಕೆ ವೈದ್ಯೆ. ಜನ 'ಮತ್ತು ಕೊಡೋ ಡಾಕ್ಟ್ರು' ಅನ್ನುತ್ತಾರೆ. ಯಾವ ಒಂದು ಆಸ್ಪತ್ರೆಗೂ ಸೇರಿದವಳಲ್ಲ. ಚಿಕ್ಕಬಳ್ಳಾಪುರದಲ್ಲಿ ಮನೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿಂದ ಕರೆ ಬಂದರೆ ಅಲ್ಲಿಗೆ ಕಾರು. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರಿಗೆ ಒಬ್ಬ ಸಹಾಯಕರು, ಎದುರಿಗೆ ನರ್ಸು. ಮಗುವಿಗೆ ಮಕ್ಕಳ ಡಾಕ್ಟರು. ಎಲ್ಲರೂ ಹೊಟ್ಟೆಯ ಕಡೆ. ರೋಗಿಯ ಎದೆಗೆ ಅಡ್ಡ ಕಟ್ಟಿದ ಪರದೆಯ ಈಚೆ, ತಲೆಯ ಕಡೆ, ನಾನೊಬ್ಬಳು. 'ಹೀಗೆ ಮಾಡಲೇ, ಹಾಗೆ ಮಾಡಲೇ' ಎಂದು ಕೇಳಬೇಕೆನಿಸಿದರೆ ಆ ಕೋಣೆಯಲ್ಲಿ ನನ್ನ ಕೆಲಸ ಗೊತ್ತಿರುವ ಇನ್ನೊಬ್ಬರು ಇರುವುದಿಲ್ಲ.

ಆಕೆ ಹೊರರೋಗಿಗಳ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು. ಇಪ್ಪತ್ತೆಂಟು ಮೂವತ್ತರ ಹೆಂಗಸು. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸ. ಗದ್ದದಿಂದ ಕತ್ತಿನವರೆಗೆ ಚರ್ಮ ಸುಟ್ಟು ಬಿಗಿದುಕೊಂಡಿತ್ತು. ಚಿಕ್ಕವಳಿದ್ದಾಗ ಅವರಮ್ಮ ಕೆಲಸ ಮಾಡುತ್ತಿದ್ದ ಕಡೆ ಗೂಡು ಬೇಯಿಸುವ ಬಿಸಿನೀರು ಮೈಮೇಲೆ ಚೆಲ್ಲಿತ್ತಂತೆ.

"ಹೇಳಮ್ಮ, ಹೋದ ಸಲ ಏನಾಯ್ತು?" ಎಂದೆ.

"ಬೆನ್ನಿಗೆ ಚುಚ್ಚಿದ್ರು. ಕಾಲು ಬಿಸಿಯಾಯ್ತು, ಆಮೇಲೆ ಕಾಲೇ ಇಲ್ಲ ಅನ್ನಂಗಾಯ್ತು. ಅಷ್ಟು ಸರಿ ಮೇಡಂ. ಆಮೇಲೆ ಎದೆ ಒಳಗೆ ಕುಸಿದಂಗೆ. ವಾಂತಿ ಬಂತು, ಕತ್ತು ತಿರುಗಿಸಕ್ಕೂ ಆಗ್ಲಿಲ್ಲ. ಕಣ್ಣು ಕಪ್ಪಾಯ್ತು. ನಾನು ಸತ್ತೋಗ್ತಿದೀನಿ ಅಂತ ಹೇಳ್ಬೇಕು, ನಾಲಿಗೆ ಏಳಲ್ಲ. ಅಷ್ಟರಲ್ಲಿ ಮಗು ಅಳ್ತು. ಎಲ್ರೂ ಆ ಕಡೆ ಹೋದ್ರು. ನನ್ನ ಕಡೆ ಯಾರೂ ನೋಡ್ಲಿಲ್ಲ."

ಬೇರೆ ಊರಿನಲ್ಲಿ, ಬೇರೆ ಯಾರೋ ಮಾಡಿದ್ದ ಆಪರೇಷನ್. ಅವರದು ತಪ್ಪೆಂದು ನಾನು ಹೇಳಲಾರೆ. ಯಾರೋ ಔಷಧಿ ಕೊಟ್ಟಿರಲೇಬೇಕು, ಇಲ್ಲದಿದ್ದರೆ ಆಕೆ ನನ್ನೆದುರು ಕೂತಿರುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಆಕೆ ಒಬ್ಬಳೇ ಇದ್ದಳು ಎನ್ನುವುದೂ ನಿಜ.

"ಈ ಸಲ ಪೂರ್ತಿ ಮಲಗಿಸ್ಬಿಡಿ ಮೇಡಂ. ನಂಗೇನೂ ಗೊತ್ತಾಗಬಾರ್ದು."

ಬಾಯಿ ತೆರೆಯಲು ಹೇಳಿದೆ. ಎರಡು ಬೆರಳಿನಷ್ಟು ಕೂಡ ಸರಿಯಾಗಿ ತೆರೆಯಲಿಲ್ಲ. ಕತ್ತು ಹಿಂದಕ್ಕೆ ಬಾಗಿಸು ಎಂದರೆ ಬಿಗಿದ ಚರ್ಮ ಗದ್ದವನ್ನು ಕೆಳಗೇ ಹಿಡಿದಿತ್ತು. ಪೂರ್ತಿ ಮಲಗಿಸಬೇಕಾದರೆ ಗಂಟಲಿನೊಳಗೆ ಉಸಿರಿನ ಕೊಳವೆ ಇಳಿಸಬೇಕು. ಈ ಕತ್ತಿಗೆ, ಈ ಚಿಕ್ಕ ಆಸ್ಪತ್ರೆಯಲ್ಲಿ, ಒಬ್ಬಳೇ ನಿಂತು ಅದನ್ನು ಇಳಿಸಲಾಗದೆ ಹೋದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಅದನ್ನು ಹಾಗೆಯೇ ಹೇಳಲಿಲ್ಲ. "ನಿನ್ನ ಕತ್ತಿಗೆ ಅದು ಅಪಾಯ. ಅದೇ ಬೇಕು ಅಂದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಅಲ್ಲಿ ಕ್ಯಾಮೆರಾ ಇಟ್ಟು ಕೊಳವೆ ಹಾಕೋರು ನಾಲ್ಕು ಜನ ಇರ್ತಾರೆ," ಎಂದೆ.

"ಬೆನ್ನಿಗೇ ಕೊಟ್ರೆ ಮತ್ತೆ ಹಂಗೇ ಆಗುತ್ತಲ್ವಾ?"

ಯಾಕೆ ಆಗುತ್ತದೆಂದು ಹೇಳಿದೆ. ಬೆನ್ನಿನ ಇಂಜೆಕ್ಷನ್ ನೋವಿನ ನರವನ್ನಷ್ಟೇ ಅಲ್ಲ, ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿರುವ ನರಗಳನ್ನೂ ಸುಮ್ಮನಾಗಿಸುತ್ತದೆ. ನಾಳ ಸಡಿಲವಾಗಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಮೇಲಿಂದ ತುಂಬಿದ ಗರ್ಭ ದೊಡ್ಡ ನಾಳವನ್ನು ಒತ್ತುತ್ತದೆ. ಹಿಪ್ಪುನೇರಳೆ ತೋಟದ ಡ್ರಿಪ್ ಪೈಪು ಜೋತುಬಿದ್ದು ಹಿಗ್ಗಿದರೆ ಕೊನೆಯ ಸಾಲಿಗೆ ನೀರು ಹೋಗುವುದಿಲ್ಲವಲ್ಲ, ಹಾಗೆ ಎಂದೆ. ಆ ಕೊನೆಯ ಸಾಲಿನಲ್ಲಿ ಅವಳ ತಲೆಯೂ ಇದೆ, ಮಗುವೂ ಇದೆ.

"ಬಿದ್ಮೇಲೆ ಎತ್ತೋದು ಒಂದು ದಾರಿ. ಬೀಳೋ ಮುಂಚೆನೇ ಹಿಡ್ಕೊಳ್ಳೋದು ಇನ್ನೊಂದು. ನಾನು ಎರಡನೇದು ಮಾಡ್ತೀನಿ," ಎಂದೆ.

ಆಕೆ ನನ್ನನ್ನೇ ನೋಡಿದಳು. "ಮನೇಲಿ ಕೇಳ್ಕೊಂಡು ಹೇಳ್ತೀನಿ," ಎಂದು ಎದ್ದಳು. ಬೆಂಗಳೂರಿಗೆ ಬರೆದುಕೊಟ್ಟ ಚೀಟಿಯನ್ನೂ ತೆಗೆದುಕೊಂಡು ಹೋದಳು.

ಹೇಳಿದ್ದೇನೋ ಹೇಳಿದೆ. ಆದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಎಲ್ಲರೂ ಮಾಡುತ್ತಿದ್ದುದು ಮೊದಲನೆಯದನ್ನೇ. ಒಂದು ಬಾಟಲಿ ಸಲೈನ್ ಮೊದಲೇ ಏರಿಸುವುದು, ಇಂಜೆಕ್ಷನ್ ಕೊಡುವುದು, ಬಿ.ಪಿ. ಬಿದ್ದರೆ ಅದನ್ನು ಏರಿಸುವ ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ರಕ್ತನಾಳಕ್ಕೆ ಕೊಡುವುದು. ಸಾಮಾನ್ಯವಾಗಿ ಏರುತ್ತದೆ. ಈ ನಡುವಿನ ಕೆಲವು ನಿಮಿಷ ತಾಯಿ ಪಡುವ ಪಾಡು ಯಾರ ವರದಿಯಲ್ಲೂ ಬರುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಫಿನೈಲೆಫ್ರಿನ್ ಎಂಬ, ನಾಳಗಳನ್ನು ಬಿಗಿ ಮಾಡುವ ಔಷಧಿಯನ್ನು ಇಂಜೆಕ್ಷನ್ ಕೊಟ್ಟ ಕ್ಷಣದಿಂದಲೇ ಪಂಪಿನ ಮೂಲಕ ಸಣ್ಣಗೆ ಹರಿಸುತ್ತಾರೆ. ಹೊಸ ವಿದ್ಯೆಯೇನಲ್ಲ. ನನ್ನ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ, ಅಷ್ಟೇ.

ಚಿಕ್ಕಬಳ್ಳಾಪುರದ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ, "ಕಣ್ಣಿಗೆ ಹಾಕೋದಾ ಮೇಡಂ?" ಎಂದರು. ಚಿಂತಾಮಣಿಯಲ್ಲಿ ಹುಡುಕಿ ಕೈಗೆ ಕೊಟ್ಟದ್ದೂ ಕಣ್ಣಿನ ಹನಿಯೇ. ಕೊನೆಗೆ ಬೆಂಗಳೂರಿನ ಸಗಟು ಅಂಗಡಿಯಿಂದ ತರಿಸಿದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಫೋನ್ ಮಾಡಿದೆ. "ಪಂಪ್ ಹಾಕೇ, ಅಷ್ಟೇ. ಪಿ.ಜಿ. ಓದೋ ಹುಡುಗ್ರಿಗೆ ಹೇಳು, ಪಲ್ಸ್ ನೋಡ್ಕೊಳ್ತಾರೆ," ಎಂದಳು. ನನಗೆ ಪಂಪೂ ಇಲ್ಲ, ಹುಡುಗರೂ ಇಲ್ಲ ಎಂದೆ. "ಓ," ಎಂದಳು. ಆಮೇಲೆ ಯಾರೋ ಕರೆದರೆಂದು ಫೋನಿಟ್ಟಳು. ಅವಳ 'ಓ' ಬಹಳ ಹೊತ್ತು ಕಿವಿಯಲ್ಲಿತ್ತು.

ಮೊದಲು ಬಳಸಿದ್ದು ಗೌರಿಬಿದನೂರಿನಲ್ಲಿ, ಬೇರೆ ಯಾವ ತೊಂದರೆಯೂ ಇಲ್ಲದ ಒಬ್ಬ ತಾಯಿಗೆ. ಈ ಔಷಧಿ ಬಹಳ ಗಟ್ಟಿ. ಸಲೈನಿನಲ್ಲಿ ಚೆನ್ನಾಗಿ ತೆಳುಮಾಡದೆ ಮುಟ್ಟುವಂತಿಲ್ಲ. ಬೆಳಿಗ್ಗೆ ಬೇಗ ಹೋಗಿ, ಬೆರೆಸಿ, ಬಾಟಲಿಗೆ ಕೆಂಪು ಅಕ್ಷರದ ಪಟ್ಟಿ ಅಂಟಿಸಿ ತೂಗುಹಾಕಿದೆ. ಬಿ.ಪಿ. ಕಲ್ಲಿನ ಹಾಗೆ ನಿಂತಿತು. ಆದರೆ ನಾಡಿ ಇಳಿಯತೊಡಗಿತು. ನಾಳ ಬಿಗಿಯಾದಾಗ ಹೃದಯ ತಾನಾಗಿ ನಿಧಾನವಾಗುತ್ತದೆ. ನನಗದು ಗೊತ್ತಿತ್ತು, ಆ ಕೋಣೆಯಲ್ಲಿ ಬೇರೆಯವರಿಗೆ ಗೊತ್ತಿರಲಿಲ್ಲ. ಮಾನಿಟರು ಕೂಗಿಕೊಂಡಿತು. ಸರ್ಜನ್ ಕೈ ನಿಲ್ಲಿಸಿದರು.

"ಏನ್ರೀ ಇದು?"

"ಔಷಧಿ ನಿಲ್ಲಿಸಿದೀನಿ ಸರ್. ಈಗ ಏರುತ್ತೆ."

ಏರಿತು. ಕೈ ತೊಳೆಯುವಾಗ ಅವರು, "ಹಳೇದೇ ಚೆನ್ನಾಗಿತ್ತಲ್ಲ. ಯಾಕೆ ಸುಮ್ನೆ?" ಎಂದರು. ಬಯ್ಗುಳವಲ್ಲ, ಬೇಸರ. ಇನ್ನು ಮುಂದೆ ಇನ್ನೂ ಸಣ್ಣಗೆ ಶುರುಮಾಡಬೇಕು, ಬಿ.ಪಿ.ಯಷ್ಟೇ ನಾಡಿಯನ್ನೂ ನೋಡಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡೆ.

ಚಿಂತಾಮಣಿಯಲ್ಲಿ ಆದದ್ದು ಅದಕ್ಕಿಂತ ಹೆಚ್ಚು ಹೆದರಿಸಿತು. ಎಲ್ಲ ಸರಿಯಾಗಿ ನಡೆದು, ಮಗು ಹೊರಗೆ ಬಂದು, ಹೊಲಿಗೆ ಹಾಕುತ್ತಿದ್ದರು. ನರ್ಸು ತಾಯಿಯ ಕೈಯನ್ನು ಸರಿಯಾಗಿ ಇಡಲು ಹೋದಾಗ ಈ ಔಷಧಿಯ ಡ್ರಿಪ್ಪಿನಲ್ಲಿ ಹನಿಯ ವೇಗ ಹಿಡಿದಿಡುವ ಚಕ್ರ ಸಡಿಲವಾಯಿತು. ಹನಿ ಧಾರೆಯಾಯಿತು. "ತಲೆ ಸಿಡೀತೈತೆ ಮೇಡಂ!" ಎಂದು ಆಕೆ ಕೂಗಿದಾಗಲೇ ನೋಡಿದ್ದು. ಮುಚ್ಚಿದೆ. ಈ ಔಷಧಿಯ ಒಂದು ಒಳ್ಳೆಯ ಗುಣವೆಂದರೆ ಬಂದಷ್ಟೇ ಬೇಗ ಹೋಗುತ್ತದೆ. ಬಿ.ಪಿ. ಇಳಿಯಿತು, ತಲೆನೋವೂ ಇಳಿಯಿತು. ಮನೆಗೆ ಮರಳುವ ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿ ಕೂತೆ. ಹಳೆಯದಕ್ಕೇ ಹಿಂದಿರುಗಿದರೆ ನನ್ನನ್ನು ಯಾರೂ ಕೇಳುವುದಿಲ್ಲ. ಮುಂದುವರಿಸಿದರೂ ಯಾರೂ ಕೇಳುವುದಿಲ್ಲ. ಏನಾದರೂ ಕೆಟ್ಟರೆ ಮಾತ್ರ ಎಲ್ಲರೂ ಕೇಳುತ್ತಾರೆ.

ಆಮೇಲೆ ಚಿಕ್ಕಬಳ್ಳಾಪುರದ ಪರಿಚಯದ ಡಾಕ್ಟರೊಬ್ಬರಲ್ಲಿ ಮೂಲೆಗೆ ಸೇರಿದ್ದ ಸಿರಿಂಜ್ ಪಂಪೊಂದನ್ನು ಎರವಲು ತಂದೆ. ಅದರಿಂದ ಎರಡು ಮೂರು ಸಿಸೇರಿಯನ್ ಸರಾಗವಾಗಿ ಆದವು. ಸ್ವಲ್ಪ ಧೈರ್ಯ ಬಂತು.

ಹೆರಿಗೆ ಡಾಕ್ಟರಿಂದ ಮತ್ತೆ ಫೋನ್ ಬಂದದ್ದು ಒಂದು ಮಧ್ಯಾಹ್ನ, ನಾನು ಅನ್ನಕ್ಕೆ ಕೂತಿದ್ದಾಗ.

"ಅವಳು ಬಂದಿದಾಳೆ ಡಾಕ್ಟ್ರೇ, ಆ ಕತ್ತಿನ ಹುಡುಗಿ. ನೋವು ಶುರುವಾಗ್ಬಿಟ್ಟಿದೆ. ಹಳೇ ಹೊಲಿಗೆ ಜಾಗ ಮುಟ್ಟಿದ್ರೆ ಕಿರುಚ್ತಾಳೆ. ಬೆಂಗಳೂರಿಗೆ ಕಳ್ಸಿದ್ರೆ ದಾರೀಲಿ ಗರ್ಭ ಹರೀಬಹುದು. ಬನ್ನಿ."

"ಊಟ ಮಾಡಿದಾಳಾ?"

"ಮುದ್ದೆ ತಿಂದ್ಕೊಂಡು ಬಂದಿದಾಳೆ."

ತುಂಬಿದ ಹೊಟ್ಟೆ, ಮಲಗಿಸಿದರೆ ತಿಂದದ್ದು ಉಸಿರಿನ ದಾರಿಗೆ ನುಗ್ಗಬಹುದು. ಜೊತೆಗೆ ಬಿಗಿದ ಕತ್ತು. ಪೂರ್ತಿ ಮಲಗಿಸುವ ಮಾತಂತೂ ಮುಗಿಯಿತು. ತಟ್ಟೆಯ ಮೇಲೆ ಮುಚ್ಚಳವಿಟ್ಟು ಹೊರಟೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳ ಬಲೆ ಬಿಸಿಲಿಗೆ ಹೊಳೆಯುತ್ತಿತ್ತು. ಹೂವಿನ ಲೋಡಿನ ಟೆಂಪೋ ಒಂದು ದಾರಿ ಬಿಡಲೊಲ್ಲದೆ ಬಹಳ ದೂರ ಮುಂದೆಯೇ ಓಡಿತು.

ಥಿಯೇಟರಿನ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದಳು. ಮಾಸ್ಕು ಟೋಪಿ ಹಾಕಿಕೊಂಡು ಅವಸರದಲ್ಲಿ ಪಕ್ಕದಿಂದ ನುಗ್ಗಿದೆ. ಒಳಗೆ ಆಕೆ ಮಂಚದ ಅಂಚು ಹಿಡಿದು ನೋವು ನುಂಗುತ್ತಿದ್ದಳು. ನನ್ನನ್ನು ಕಂಡು, "ಬಂದ್ರಾ," ಎಂದಳು, ಅಷ್ಟೇ.

ಪಂಪಿಗೆ ಸಿರಿಂಜು ಕೂರಿಸಿ ಚಾಲು ಮಾಡಿದೆ. ಒಂದು ಕ್ಷಣ ಓಡಿ ಕೀಚಲು ದನಿ ತೆಗೆದು ನಿಂತಿತು. ನಳಿಕೆ ಬದಲಿಸಿದೆ. ಪ್ಲಗ್ ಬದಲಿಸಿದೆ. ಮತ್ತೆ ಕೀಚಲು ದನಿ.

"ಆಗಲ್ವಾ?" ಹೆರಿಗೆ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಕೇಳಿದರು. "ನೀರು ಏರಿಸಿ ಶುರು ಮಾಡಣ ಡಾಕ್ಟ್ರೇ. ಬಿದ್ರೆ ಆವಾಗ ನೋಡ್ಕೊಳಣ. ತಡ ಮಾಡಕ್ಕಾಗಲ್ಲ."

ಅವರು ಹೇಳಿದ್ದು ತಪ್ಪಲ್ಲ. ಹಾಗೆ ಮಾಡಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಉಳಿದ ದಾರಿಯೆಂದರೆ ಚಿಂತಾಮಣಿಯಲ್ಲಿ ಕೈಕೊಟ್ಟ ಅದೇ ಚಕ್ರದ ಡ್ರಿಪ್ಪು. ನಾನು ಪಂಪನ್ನು ನೆಲಕ್ಕಿಟ್ಟು ಸುತ್ತ ನೋಡಿದೆ. ಹಸುಗೂಸುಗಳ ಸಾಮಾನಿನ ಟ್ರೇಯಲ್ಲಿ ಮಕ್ಕಳ ಡ್ರಿಪ್ ಸೆಟ್ ಕಂಡಿತು. ಅದಕ್ಕೆ ಬಾಟಲಿಯ ಕೆಳಗೆ ಅಳತೆ ಗೆರೆಗಳಿರುವ ಒಂದು ಸಣ್ಣ ಕೊಳವೆ ಇರುತ್ತದೆ. ಅದರೊಳಗೆ ಎಷ್ಟು ಇಳಿಸಿಕೊಳ್ಳುತ್ತೇವೋ ಅಷ್ಟೇ ಮೈಗೆ ಹೋಗುವುದು. ಬಾಟಲಿಯಿಂದ ಸ್ವಲ್ಪವೇ ಇಳಿಸಿ ಮೇಲಿನ ದಾರಿ ಮುಚ್ಚಿಬಿಟ್ಟರೆ, ಚಕ್ರ ಪೂರ್ತಿ ಜಾರಿದರೂ ಆ ಸ್ವಲ್ಪವೇ ಹೋಗಬೇಕು. ಹನಿಯೂ ಬಹಳ ಸಣ್ಣದು. ಯಾರ ಕೈಗೂ ಎಟುಕದ ಹಾಗೆ ನನ್ನ ಬದಿಯಲ್ಲೇ ತೂಗುಹಾಕಿದೆ.

"ಮೇಡಂ, ನಾನು ಹೇಳೋವರೆಗೂ ಚಾಕು ಮುಟ್ಟಬೇಡಿ," ಎಂದೆ.

ಅವರು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. "ಸರಿ. ಬೇಗ."

ಉಳಿದದ್ದು ಬಿ.ಪಿ. ನೋಡುವುದು. ತೋಳಿನ ಪಟ್ಟಿ ಊದಿ, ಇಳಿದು, ಅಂಕಿ ಹೇಳುವ ಹೊತ್ತಿಗೆ ಆ ಅಂಕಿ ಹಳತಾಗಿರುತ್ತದೆ. ಅದಕ್ಕಿಂತ ಮುಂಚೆ ಗೊತ್ತಾಗುವುದು ಒಬ್ಬರಿಗೇ. ಆಕೆಯ ಮುಖದ ಹತ್ತಿರ ಬಗ್ಗಿದೆ.

"ನೋಡಮ್ಮ, ಈ ಮೆಷೀನಿಗಿಂತ ಮುಂಚೆ ನಿಂಗೆ ಗೊತ್ತಾಗುತ್ತೆ. ಹೊಟ್ಟೆ ತೊಳಸ್ಲಿ, ಆಕಳಿಕೆ ಬರ್ಲಿ, ಎದೆ ಒಂಥರಾ ಆಗ್ಲಿ, ತಕ್ಷಣ ಹೇಳು. ಮಾತು ಮಾತ್ರ ನಿಲ್ಲಿಸ್ಬೇಡ. ಏನಾದ್ರೂ ಮಾತಾಡ್ತಾನೇ ಇರು."

"ನೀವು ಬೇರೆ ಕಡೆ ಹೋಗಲ್ಲ ತಾನೆ?"

"ಇಲ್ಲ."

ಅವಳನ್ನು ಕೂರಿಸಿ, ದಿಂಬು ತಬ್ಬಿಸಿ, ಎರಡು ನೋವಿನ ನಡುವಿನ ಬಿಡುವಿನಲ್ಲಿ ಸೂಜಿ ಹಾಕಿದೆ. ಸೂಜಿ ಸರಿಯಾದ ಜಾಗ ಸೇರಿದ ಗುರುತಾಗಿ ಬೆನ್ನುಹುರಿಯ ನೀರಿನ ತಿಳಿಯಾದ ಹನಿ ಬಂತು. ಔಷಧಿ ಕೊಟ್ಟು, ಮಲಗಿಸಿ, ಬಲ ಸೊಂಟದ ಕೆಳಗೆ ಮಡಿಸಿದ ದುಪ್ಪಟಿ ಇಟ್ಟು ಗರ್ಭವನ್ನು ಎಡಕ್ಕೆ ವಾಲಿಸಿದೆ. ಒಂದು ಕೈಗೆ ಸಲೈನ್ ಧಾರಾಳವಾಗಿ, ಇನ್ನೊಂದಕ್ಕೆ ಮಕ್ಕಳ ಡ್ರಿಪ್ಪಿನ ಸಣ್ಣ ಹನಿ. ನನ್ನ ಎಡಗೈ ಬೆರಳು ಚಕ್ರದ ಮೇಲೆ, ಬಲಗೈ ಅವಳ ಹಣೆಯ ಮೇಲೆ.

"ಮಾತಾಡು."

"ಏನಂತ ಮಾತಾಡ್ಲಿ… ನಮ್ಮ ದೊಡ್ಡ ಮಗಳು ಮೇಡಂ, ತಂಗಿ ಬೇಕು ಅಂತಾಳೆ. ತಮ್ಮ ಹುಟ್ಟಿದ್ರೆ ಆಸ್ಪತ್ರೇಲೇ ವಾಪಸ್ ಕೊಟ್ಬಿಟ್ಟು ಬಾ ಅಂದ್ಲು. ಬೆಳಿಗ್ಗೆ ಜಡೆ ಹಾಕ್ತಿದ್ನಾ, ಆವಾಗ್ಲೂ ಅದೇ ರಾಗ…"

ಅಂಕಿ ಚೆನ್ನಾಗಿತ್ತು. ಹೆರಿಗೆ ಡಾಕ್ಟರು ಕಣ್ಣಲ್ಲೇ ಕೇಳಿದರು. ತಲೆಯಾಡಿಸಿದೆ: ಇನ್ನೂ ಬೇಡ.

"…ಇವಳಿಗೆ ಸ್ಕೂಲಿಗೆ ಹೋಗಕ್ಕೂ ಹಠ, ಬರಕ್ಕೂ ಹಠ…" ಮಾತು ಎಳೆಯತೊಡಗಿತು. ಒಂದು ಆಕಳಿಕೆ. "ಮೇಡಂ… ಬಾಯಲ್ಲಿ ನೀರು ಬರ್ತೈತೆ. ಅದೇ. ಅದೇ ಬರ್ತೈತೆ."

ಮಾನಿಟರಿನಲ್ಲಿ ಇನ್ನೂ ಹಿಂದಿನ ಒಳ್ಳೆಯ ಅಂಕಿಯೇ ಇತ್ತು. ಪಟ್ಟಿ ಆಗತಾನೆ ಊದುತ್ತಿತ್ತು. ಕಾಯಬಹುದಿತ್ತು. ಕಾಯದೆ ಚಕ್ರ ತಿರುಗಿಸಿದೆ. ಹನಿ ಚುರುಕಾಯಿತು. ಪಟ್ಟಿ ಇಳಿದು ಹೊಸ ಅಂಕಿ ಬಂತು: ಹಿಂದಿನದಕ್ಕಿಂತ ಕಡಿಮೆ, ಆದರೆ ಬಿದ್ದಿಲ್ಲ. ಅಳತೆ ಕೊಳವೆಗೆ ಇನ್ನೊಂದಿಷ್ಟು ಇಳಿಸಿದೆ. ಆಕೆಯ ಕಣ್ಣು ನನ್ನ ಕಣ್ಣನ್ನು ಬಿಡಲಿಲ್ಲ. ನನಗೆ ಅವಳ ಮುಖ ತಲೆಕೆಳಗು, ಅವಳಿಗೆ ನನ್ನದು.

"ಹೇಳು, ಈಗ?"

"ಹೋಗ್ತೈತೆ… ಹೋಯ್ತು ಮೇಡಂ."

ಮುಂದಿನ ಅಂಕಿ ಏರಿತ್ತು. ಈಗ ನಾಡಿಯ ಸದ್ದು ನಿಧಾನವಾಗತೊಡಗಿತು. ಗೌರಿಬಿದನೂರಿನಲ್ಲಿ ಕೇಳಿದ್ದ ಸದ್ದೇ. ಮಾನಿಟರು ಕೂಗುವ ಮುಂಚೆ ಹನಿ ಇಳಿಸಿದೆ. ಹೀಗೆ ಏರಿಸುವುದು, ಇಳಿಸುವುದು. ಮೊಳೆ ಹೊಡೆದು ನಿಲ್ಲಿಸಿದಂತಲ್ಲ, ತುಂಬಿದ ಕೊಡ ಹೊತ್ತು ನಡೆದಂತೆ. ಸ್ಪಿರಿಟ್ ಹತ್ತಿ ಮುಟ್ಟಿಸಿ ಎದೆಯವರೆಗೂ ತಂಪು ಗೊತ್ತಾಗುತ್ತಿಲ್ಲವೆಂದು ಖಚಿತವಾದ ಮೇಲೆ, "ಶುರು ಮಾಡಿ ಮೇಡಂ," ಎಂದೆ.

"ಹೊಲಿಗೆ ಜಾಗ ಕಾಗದದಂಗೆ ಆಗಿದೆ," ಎಂದರು ಅವರು ಸ್ವಲ್ಪ ಹೊತ್ತಿಗೆ, ಪರದೆಯ ಆಚೆಯಿಂದ. ಇನ್ನೂ ಸ್ವಲ್ಪ ಹೊತ್ತು ತಡಮಾಡಿದ್ದರೆ ಹರಿಯುತ್ತಿತ್ತು. ಮಗು ಬಂತು. ಬಂದ ಕೂಡಲೇ ಅತ್ತಿತು, ಕೆಂಪಗೆ, ಸಿಟ್ಟಾಗಿ.

"ಗಂಡು," ಎಂದರು ಯಾರೋ.

ಆಕೆ ನಕ್ಕಳು. "ವಾಪಸ್ ತಗೊಳ್ತೀರಾ ಮೇಡಂ?"

ಎಲ್ಲರೂ ಮಗುವಿನ ಕಡೆ ತಿರುಗಿದ್ದರು. ಗರ್ಭ ಬಿಗಿಯಲು ಕೊಡುವ ಔಷಧಿಯೂ ಬಿ.ಪಿ.ಯನ್ನು ಕೆಳಕ್ಕೆಳೆಯುತ್ತದೆ; ಅದನ್ನು ನಿಧಾನವಾಗಿ ಬಿಟ್ಟು, ಈ ಕಡೆಯ ಹನಿಯನ್ನು ಸರಿಹೊಂದಿಸುತ್ತ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ಆ ಹೊತ್ತಿನಲ್ಲಿ ಅವಳು ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿರದದ್ದು.

"ನಿಮ್ ಜೊತೆ ಯಾರೂ ಬರಲ್ವಾ ಮೇಡಂ? ಇಷ್ಟೆಲ್ಲ ಒಬ್ರೇ ಮಾಡ್ತೀರಾ?"

"ನೀನಿದ್ಯಲ್ಲ," ಎಂದೆ. ತಮಾಷೆಗೆ ಹೇಳಿದ್ದಲ್ಲ.

ಮುಗಿಯುವ ಹೊತ್ತಿಗೆ ಹೆರಿಗೆ ಡಾಕ್ಟರು ಕೈಗವಸು ಬಿಚ್ಚುತ್ತ, "ಒಂದು ಸಲನೂ ವಾಂತಿ ಆಗ್ಲಿಲ್ಲ ನೋಡಿ," ಎಂದರು. "ಆ ಸಣ್ಣ ಸೆಟ್ ಇನ್ನೊಂದಿಷ್ಟು ತರ್ಸಿಡ್ತೀನಿ." ನನಗೆ ಅಷ್ಟು ಸಾಕಾಗಿತ್ತು. ಬಹುಶಃ ಸಾಕಾಗಿರಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಮರಳುವಾಗ ಯಾರಿಗಾದರೂ ಹೇಳಬೇಕೆನಿಸಿ ಗೆಳತಿಯ ನಂಬರು ಒತ್ತಿದೆ, ಎತ್ತುವ ಮುಂಚೆಯೇ ಕತ್ತರಿಸಿದೆ. ಏನೆಂದು ಹೇಳುವುದು? ಬಿ.ಪಿ. ಬೀಳಲಿಲ್ಲ ಎನ್ನುವುದು ಸುದ್ದಿಯಲ್ಲ. ಮನೆಯಲ್ಲಿ ಮುಚ್ಚಿಟ್ಟ ಅನ್ನ ಹಾಗೇ ಇತ್ತು. ಬಿಸಿ ಮಾಡಿಕೊಂಡು ಉಂಡೆ.

ಮುಂದೆ ನಾನು ಎಲ್ಲ ಊರಿನಲ್ಲೂ ಹಾಗೆಯೇ ಮಾಡತೊಡಗಿದೆ. ಗೌರಿಬಿದನೂರಿನ ಸರ್ಜನ್ನರು ಈಗಲೂ ನಾಡಿಯ ಸದ್ದಿಗೆ ತಲೆಯೆತ್ತಿ ನೋಡುತ್ತಾರೆ, ಆದರೆ ಕೈ ನಿಲ್ಲಿಸುವುದಿಲ್ಲ.

ಕೆಲವು ವಾರಗಳ ಮೇಲೆ ಶಿಡ್ಲಘಟ್ಟಕ್ಕೆ ಇನ್ನೊಂದು ಸಿಸೇರಿಯನ್ನಿಗೆ ಹೋಗಿದ್ದೆ. ಥಿಯೇಟರು ತೊಳೆಯುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಆವತ್ತು ಬಾಗಿಲಲ್ಲಿ ನಿಂತಿದ್ದ, ಆ ಕತ್ತಿನ ಹುಡುಗಿಯ ತಾಯಿ ಕೂತಿದ್ದಳು, ಮಡಿಲಲ್ಲಿ ಮಗು. ಮಗಳನ್ನು ಡಾಕ್ಟರು ಒಳಗೆ ನೋಡುತ್ತಿದ್ದರು. ಆವತ್ತು ನಾನು ಮಾಸ್ಕಿನಲ್ಲಿದ್ದೆ, ಆಕೆ ನನ್ನ ಮುಖ ನೋಡಿದವಳಲ್ಲ. ಪಕ್ಕದಲ್ಲಿ ಹಸಿರು ಗೌನು ತೊಟ್ಟ, ಹೆದರಿದ ಬಸುರಿ ಹುಡುಗಿಯೊಬ್ಬಳು ಕೂತಿದ್ದಳು. ಅವತ್ತಿನ ನನ್ನ ಕೇಸು ಅವಳೇ.

"ಏಂ ಕಾದಮ್ಮಾ, ಏನೂ ಆಗಲ್ಲ," ಎಂದು ಅಜ್ಜಿ ತೆಲುಗು ಬೆರೆಸಿ ಅವಳಿಗೆ ಹೇಳುತ್ತಿದ್ದಳು. "ನಮ್ಮ ಹುಡ್ಗೀನೂ ಹಿಂಗೇ ಹೆದ್ರುಕೊಂಡಿದ್ಲು. ಮಾತಾಡ್ತಾ ಮಾತಾಡ್ತಾನೇ ಮುಗಿದೋಯ್ತಂತೆ. ಏನೂ ಆಗ್ಲೇ ಇಲ್ಲ ಅಂದ್ಲು."

ನಾನು ನಿಂತೇ ಇದ್ದುದನ್ನು ಕಂಡು ಸರಿದು ಜಾಗ ಮಾಡಿದಳು. "ಕೂತ್ಕೋ ತಾಯಿ. ಯಾರ ಜೊತೆ ಬಂದೆ?"

"ಒಬ್ಳೇ ಬಂದೆ ಅಮ್ಮ."

"ಹಂಗಾ. ಒಂಚೂರು ಇವನ್ನ ಹಿಡ್ಕೊಂಡಿರು, ನೀರು ಕುಡ್ಕೊಂಡ್ ಬರ್ತೀನಿ," ಎಂದು ಮಗುವನ್ನು ನನ್ನ ತೋಳಿಗೆ ಕೊಟ್ಟು ಎದ್ದಳು.

ಇಷ್ಟು ವರ್ಷ, ಇಷ್ಟು ಹೆರಿಗೆ. ಮಕ್ಕಳು ಯಾವಾಗಲೂ ಪರದೆಯ ಆಚೆಯೇ ಹೋಗುತ್ತವೆ. ಇವನು ಅಂದುಕೊಂಡದ್ದಕ್ಕಿಂತ ಭಾರವಾಗಿದ್ದ. ಬೆಚ್ಚಗಿದ್ದ. ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಯಲ್ಲೇ ಏನನ್ನೋ ಚೀಪುತ್ತಿದ್ದ.

ಥಿಯೇಟರಿನ ಬಾಗಿಲು ತೆರೆದು ನರ್ಸು ಹೊರಗಿಣುಕಿದಳು. "ಮೇಡಂ, ಎಲ್ಲ ರೆಡಿ. ಬರ್ತೀರಾ?"

"ಒಂದ್ನಿಮಿಷ ಇರಮ್ಮ," ಎಂದೆ.